ಮೇಯಲು ಹೋದ ಫೋನುಗಳು

ಬಾಳೂರಿನ ಗುಡ್ಡಕ್ಕೆ ಇಂಟರ್ನೆಟ್ಟನ್ನು ಬೆನ್ನ ಮೇಲೆ ಹೊತ್ತು ತಂದವನು ನಾನು. ಬಾಬಾಬುಡನ್ ಅವರು ಏಳೇ ಏಳು ಕಾಫಿ ಬೀಜ ತಂದು ನಮ್ಮ ಗಿರಿಯಲ್ಲಿ ಊರಿದರಂತೆ. ಅಷ್ಟಕ್ಕೇ ಜನ ಇವತ್ತಿಗೂ ಕೈ ಮುಗಿಯುತ್ತಾರೆ. ನಾನು ತಂದದ್ದು ಬೀಜದ ಲೆಕ್ಕದಲ್ಲಲ್ಲ, ಮೂಟೆಯ ಲೆಕ್ಕದಲ್ಲಿ. ಒಂದು ದಿನ ಇಂಟರ್ನೆಟ್ ತೀರಾ ಜಾಸ್ತಿಯಾಗಿ ನನ್ನ ಜೀಪಿನ ಹಿಂದಿನ ಎರಡೂ ಟೈರು ಕೂತುಬಿಟ್ಟವು. ಅರ್ಧವನ್ನು ರಸ್ತೆ ತಿರುವಿನಲ್ಲಿ ಇಳಿಸಿ, ಉಳಿದದ್ದನ್ನು ಮನೆ ಮುಟ್ಟಿಸಿ, ಮತ್ತೆ ಹೋಗಿ ತಂದೆ. ಅಷ್ಟರಲ್ಲಿ ಮಂಗಗಳು ಬಂದು ಅದನ್ನು ಮುಟ್ಟಿಬಿಟ್ಟಿದ್ದವು. ಆಮೇಲೆ ಒಂದು ವಾರ ಅವು ಇಂಗ್ಲಿಷಿನಲ್ಲೇ ಜಗಳವಾಡಿದವು. ನಂಬದಿದ್ದರೆ ಬಿಡಿ, ಮಂಗಗಳಿಗೇನೂ ಬೇಸರವಿಲ್ಲ.

ನನ್ನ ಹೆಸರು ಸುರೇಂದ್ರ. ಹಾಲುಗುಡ್ಡ ಎಸ್ಟೇಟಿನಲ್ಲಿ ಜೀಪು ಓಡಿಸುತ್ತೇನೆ. ಓಡಿಸುತ್ತೇನೆ ಎನ್ನುವುದು ವಿನಯದ ಮಾತು. ನಾನು ಸುಮ್ಮನೆ ಕೂತರೆ ಸಾಕು, ಜೀಪು ತಾನೇ ಓಡುತ್ತದೆ, ಸ್ಟೇರಿಂಗಿನ ಮೇಲೆ ಕೈ ಇಡುವುದು ಅದರ ಮರ್ಯಾದೆಗೆ. ಬೆಳಿಗ್ಗೆ ಲೈನಿನವರನ್ನು ತೋಟಕ್ಕೆ ಮುಟ್ಟಿಸಬೇಕು, ಸಂಜೆ ಅವರನ್ನೂ ಅವರು ಕುಯ್ದ ಕಾಫಿ ಹಣ್ಣಿನ ಮೂಟೆಗಳನ್ನೂ ವಾಪಸು ತರಬೇಕು. ಲೈನು ಎಂದರೆ ಕೆಲಸದವರ ಸಾಲುಮನೆಗಳು. ಈ ಎರಡು ಸವಾರಿಗಳ ನಡುವೆ ಜೀಪಿಗೂ ಕೆಲಸವಿಲ್ಲ, ನನಗೂ ಇಲ್ಲ. ಕೆಲಸವಿಲ್ಲದ ಗಂಡಸು ಲೋಕೋಪಕಾರಕ್ಕೆ ಇಳಿಯುವುದು ಸಹಜ.

ನಮ್ಮ ಲೈನು ಇರುವುದು ಗುಡ್ಡದ ಕಂಕುಳಲ್ಲಿ. ಮೊಬೈಲ್ ರೇಂಜು ಅಲ್ಲಿಗೆ ಇಳಿಯುವುದೇ ಇಲ್ಲ. ಮನೆಗೊಂದು ಫೋನಿದೆ, ತಿಂಗಳು ತಿಂಗಳು ಅದಕ್ಕೆ ರೀಚಾರ್ಜೂ ಮಾಡಿಸುತ್ತಾರೆ. ಆದರೆ ಅದರಿಂದ ಆಗುವ ಉಪಯೋಗವೆಂದರೆ ಟಾರ್ಚು ಬಿಡುವುದು, ಅಲಾರಾಂ ಹೊಡೆಸಿಕೊಳ್ಳುವುದು, ಮದುವೆ ಫೋಟೊ ನೋಡುವುದು, ಅಷ್ಟೆ. ಬಂಗಲೆಯ ಮಾತು ಬೇರೆ. ಸಾಹುಕಾರರಾದ ಬಸವರಾಜಪ್ಪನವರು ಮೂಡಿಗೆರೆ ರಸ್ತೆಯಿಂದ ನೆಲದಡಿ ವೈರು ಎಳೆಸಿ ಬಂಗಲೆಗೆ ವೈಫೈ ಹಾಕಿಸಿಕೊಂಡಿದ್ದಾರೆ. ಆ ವೈರು ನಮ್ಮ ಲೈನಿನ ಅಂಗಳದಲ್ಲೇ ಹಾದುಹೋಗಿದೆ. ಅದನ್ನು ಹೂಳಲು ಗುಂಡಿ ತೋಡಿದ್ದು ಲೈನಿನವರೇ. ನೀರಿನ ಪೈಪಿಗೆ ನಲ್ಲಿ ಕೂರಿಸಿದ ಹಾಗೆ ಅದಕ್ಕೂ ಒಂದು ಕೂರಿಸಬಹುದೇನೋ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಗುಂಡಿ ಮುಚ್ಚಿ, ಮೇಲೆ ಮಣ್ಣು ತುಳಿದು, ಕಾಫಿ ಕುಡಿದು ಬಂದರು.

ಹಾಗಾಗಿ ನಾನು ಫೋನು ಮೇಯಿಸುವ ಕೆಲಸ ಶುರುಮಾಡಿದೆ. ದನ ಮೇಯಿಸುವುದಿಲ್ಲವೇ, ಹಾಗೆ. ಬೆಳಿಗ್ಗೆ ಜೀಪು ಹತ್ತುವಾಗ ಎಲ್ಲರೂ ತಮ್ಮ ಫೋನನ್ನು ನನ್ನ ಬುಟ್ಟಿಗೆ ಹಾಕುತ್ತಾರೆ. ಹಣ್ಣು ಕುಯ್ಯುವ ಬುಟ್ಟಿಯೇ, ಅಡಿಗೆ ಹಳೇ ಗೋಣಿ ಹಾಸು. ಗುರುತಿಗೆ ಒಬ್ಬರದ್ದಕ್ಕೆ ಕೆಂಪು ದಾರ, ಇನ್ನೊಬ್ಬರದ್ದಕ್ಕೆ ರಿಬ್ಬನ್ನು, ಮತ್ತೊಬ್ಬರದ್ದಕ್ಕೆ ಬಳೆಯ ಚೂರು. ಜನರನ್ನು ತೋಟದಲ್ಲಿ ಇಳಿಸಿದ ಮೇಲೆ ನಾನು ಮುಗಿಲುಕಲ್ಲಿನ ನೆತ್ತಿಗೆ ಹೋಗಿ ಫೋನುಗಳನ್ನು ರೇಂಜಿಗೆ ಬಿಡುತ್ತೇನೆ. ಎಲ್ಲೆಲ್ಲಿಂದಲೋ ವಾಟ್ಸಾಪಿಗೆ ಬಂದು ಕಾದು ಕೂತಿರುವ ಮಾತು, ಫೋಟೊಗಳನ್ನೆಲ್ಲ ಅವು ಟಿಂಗ್ ಟಿಂಗ್ ಎನ್ನುತ್ತ ಮೇಯುತ್ತವೆ. ಸಂಜೆ ಹೊಟ್ಟೆ ತುಂಬಿಸಿಕೊಂಡು ಮನೆಗೆ ಬರುತ್ತವೆ. ಲೈನಿನವರು ಅಂಗಳದಲ್ಲಿ ಕೂತು ಬಂದ ಮಾತುಗಳನ್ನು ಕೇಳಿ, ತಮ್ಮ ಉತ್ತರವನ್ನು ಫೋನಿನೊಳಗೆ ಹೇಳಿಡುತ್ತಾರೆ. ಆ ಉತ್ತರ ಮಾರನೇ ದಿನ ಬುಟ್ಟಿಯಲ್ಲಿ ಕೂತು ಹೊರಡುತ್ತದೆ.

ನಮ್ಮ ಲೈನಿನ ನಿಂಗಯ್ಯ ಕಳಸದಲ್ಲಿರುವ ತಮ್ಮನ ಜೊತೆ ಒಂದು ಹುಂಜದ ವಿಷಯಕ್ಕೆ ಹೀಗೇ ಜಗಳವಾಡಿದ. ಇವನ ಬೈಗುಳ ಇವತ್ತು ಹೋದರೆ ಅವನ ಬೈಗುಳ ನಾಳೆ ಬರುತ್ತದೆ. ಮಧ್ಯೆ ಒಂದು ಭಾನುವಾರ ಬಂದರೆ ಇಬ್ಬರಿಗೂ ಬಾಯಿ ತುರಿಕೆ. ಜಗಳ ರಾಜಿಯಾಗುವಷ್ಟರಲ್ಲಿ ಹುಂಜವೇ ಮುದಿಯಾಗಿ ಸತ್ತುಹೋಗಿತ್ತು.

ಈ ಸೇವೆಗೆ ನಾನು ಬಿಡಿಗಾಸು ಮುಟ್ಟಿದವನಲ್ಲ. ಯಾರ ಮನೆಯಲ್ಲಿ ಕಡುಬು ಮಾಡಿದರೂ ಮೊದಲನೆಯದು ನನಗೆ, ಅಷ್ಟೆ. ಹಂದಿ ಸಾರು ಮಾಡಿದರೆ ಮೂಳೆಯಿಲ್ಲದ ತುಂಡು ನನಗೆ. ಇಂಟರ್ನೆಟ್ ಸುರೇಂದ್ರಣ್ಣ ಎಂದರೆ ಬಾಳೂರಿನಲ್ಲಿ ನಾಯಿಗಳೂ ಎದ್ದು ಜಾಗ ಬಿಡುತ್ತಿದ್ದವು.

ಮರ್ಯಾದೆ ಸುಮ್ಮನೆ ಬರುತ್ತದೆಯೇ? ಮುಗಿಲುಕಲ್ಲು ಎಂದರೆ ಏನೆಂದುಕೊಂಡಿರಿ? ತೋಟ ಮುಗಿದ ಮೇಲೆ ನೆಟ್ಟಗೆ ನಿಂತ ಬಂಡೆಗುಡ್ಡ. ದಾರಿ ನಾಲ್ಕು ಬೆರಳಗಲ. ಒಂದು ಪಕ್ಕ ಪಾತಾಳ, ಇನ್ನೊಂದು ಪಕ್ಕ ಆನೆ. ಅರ್ಧ ದಾರಿಯಲ್ಲಿ ಒಂದು ಕಾಳಿಂಗ ಸರ್ಪವಿದೆ. ಮೊದಮೊದಲು ಹೆಡೆ ಎತ್ತುತ್ತಿತ್ತು, ಈಗ ನನ್ನನ್ನು ಕಂಡರೆ ಹಳೇ ಮಾಸ್ತರನ್ನು ಕಂಡ ಹಾಗೆ ಪಕ್ಕಕ್ಕೆ ಸರಿಯುತ್ತದೆ. ಇಷ್ಟನ್ನೂ ನಾನು ಸಂಜೆ ಫೋನು ಹಂಚುತ್ತ ಹೇಳುತ್ತಿದ್ದೆ. ಪ್ಯಾಂಟಿಗೆ ಮೆತ್ತಿದ ಕೆಸರು, ತಲೆಗೂದಲಿಗೆ ಸಿಕ್ಕಿದ ಲಂಟಾನ ಕಡ್ಡಿ ನನ್ನ ಪರವಾಗಿ ಸಾಕ್ಷಿ ಹೇಳುತ್ತಿದ್ದವು.

ಒಂದೇ ಒಂದು ಕೊರತೆಯಿತ್ತು. ನನ್ನ ಬುಟ್ಟಿಯ ಫೋನುಗಳಿಗೆ ವಾಟ್ಸಾಪ್ ಬರುತ್ತಿತ್ತೇ ಹೊರತು ಮಾಮೂಲಿ ಎಸ್ಸೆಮ್ಮೆಸ್ಸು ಬರುತ್ತಿರಲಿಲ್ಲ. ಮಾಮೂಲಿ ಕರೆಯೂ ಬರುತ್ತಿರಲಿಲ್ಲ. ಯಾಕೆಂದು ಯಾರೋ ಕೇಳಿದಾಗ ನಾನು ಶಾಸ್ತ್ರೋಕ್ತವಾಗಿ ವಿವರಿಸಿದೆ: ಎಸ್ಸೆಮ್ಮೆಸ್ಸು ಹಳೇ ಕಾಲದ್ದು, ಭಾರ ಜಾಸ್ತಿ, ಅಷ್ಟು ಎತ್ತರಕ್ಕೆ ಅದಕ್ಕೆ ಉಸಿರು ಸಾಲುವುದಿಲ್ಲ. ಎಲ್ಲರೂ ಹೌದೆಂದು ತಲೆದೂಗಿದರು. ಅಂಜನಮ್ಮನ ಮಗಳು ಕುಸುಮಾ ಮಾತ್ರ ತಲೆದೂಗಲಿಲ್ಲ. ಆ ಹುಡುಗಿ ಓದಿಕೊಂಡಿದ್ದಳು. ಅದೇ ಅವಳ ದೋಷ.

ಈ ಅಂಜನಮ್ಮ ನಮ್ಮ ಲೈನಿನ ಮೂರನೇ ಮನೆಯವಳು, ಹಣ್ಣು ಕುಯ್ಯುವವಳು. ಗಂಡನಿಲ್ಲ. ಕುಸುಮಾ ಪಿಯುಸಿಯಲ್ಲಿ ಸೈನ್ಸ್ ಮುಗಿಸಿ ನರ್ಸಿಂಗ್ ಓದಬೇಕೆಂದು ಕೂತಿದ್ದಳು. ಹೋದ ವರ್ಷ ಅವಳಿಗೆ ಕಾಲೇಜಿನ ಕರೆ ಬಂದದ್ದು ಲೈನಿಗೆ ಗೊತ್ತಾಗುವ ಹೊತ್ತಿಗೆ ಗಡುವು ಮುಗಿದಿತ್ತು. ಆಗಿನ್ನೂ ನನ್ನ ಬುಟ್ಟಿ ಶುರುವಾಗಿರಲಿಲ್ಲ; ಆಗಿದ್ದರೆ ಅವಳು ಈಗ ಡಾಕ್ಟರೇ ಆಗಿರುತ್ತಿದ್ದಳು. ಒಂದು ವರ್ಷ ಅಮ್ಮನ ಪಕ್ಕದ ಸಾಲಿನಲ್ಲಿ ನಿಂತು ಹಣ್ಣು ಕುಯ್ದಳು. ಈ ವರ್ಷ ಸೀಟು ಹಂಚಿಕೆಯ ಕೊನೇ ಸುತ್ತಿನಲ್ಲಿ ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಹೆಸರು ಬಂತು. ಸೀಟು ಒಪ್ಪಿಕೊಂಡೆನೆಂದು ಆನ್‌ಲೈನಿನಲ್ಲಿ ಒತ್ತಬೇಕು. ಒತ್ತಿದ ಕೂಡಲೇ ಅರ್ಜಿಯಲ್ಲಿ ಕೊಟ್ಟ ನಂಬರಿಗೆ, ಅಂದರೆ ಅಂಜನಮ್ಮನ ಫೋನಿಗೆ, ಓಟಿಪಿ ಬರುತ್ತದೆ. ಅದನ್ನು ಹಾಕಿದರೆ ಸೀಟು. ಮಂಗಳವಾರ ಸಂಜೆ ಐದು ದಾಟಿದರೆ ಸೀಟು ಇನ್ನೊಬ್ಬರಿಗೆ, ಕುಸುಮಾ ಮತ್ತೆ ಕಾಫಿ ಗಿಡಕ್ಕೆ.

ಮಂಗಳವಾರ ಬೆಳಿಗ್ಗೆ ಕುಸುಮಾ ಮೂಡಿಗೆರೆ ಬಸ್ಸಿಗೆ ಹೊರಡುತ್ತಿದ್ದಳು. ಅಲ್ಲಿ ಬಸ್‌ಸ್ಟ್ಯಾಂಡ್ ಹತ್ತಿರ ಅರ್ಚನಾ ಎಂಬುವಳ ಸೈಬರ್ ಅಂಗಡಿಯಿದೆ. ಅಷ್ಟರಲ್ಲಿ ಅಂಜನಮ್ಮ ದಿನದ ಹಾಗೆ ಫೋನು ತಂದು ಬುಟ್ಟಿಗೆ ಹಾಕಿದಳು. ಅದೂ ಇವತ್ತು ವಿಶೇಷ ಎಂದು ಎಲ್ಲಕ್ಕಿಂತ ಮೇಲೆ, ಅರಿಶಿನದ ದಾರ ಸುತ್ತಿ.

"ಸುರೇಂದ್ರಣ್ಣ, ನಮ್ಮದನ್ನ ಇವತ್ತು ಒಳ್ಳೆ ಕಡೆ ಬಿಡಿ. ಮಗಳದ್ದು ಎಂತದೋ ನಂಬರ್ ಬರ್ತದಂತೆ."

ಕುಸುಮಾ ಅರ್ಧ ಹೆಣೆದ ಜಡೆ ಹಿಡಿದುಕೊಂಡೇ ಓಡಿಬಂದಳು. "ಅಮ್ಮಾ, ಅದು ನನ್ನ ಜೊತೆ ಮೂಡಿಗೆರೆಗೆ ಬರ್ಬೇಕು."

ಅಂಜನಮ್ಮನಿಗೆ ಅರ್ಥವಾಗಲಿಲ್ಲ. ಫೋನಿಗೆ ರೇಂಜು ಬೇಕಾದರೆ ಬುಟ್ಟಿಗೆ ಹಾಕಬೇಕು. ಒಂದು ವರ್ಷದಿಂದ ಲೈನಿನಲ್ಲಿ ನಡೆದುಬಂದದ್ದು ಹಾಗೆ. ಬಸ್ಸಿನ ನೂಕಿನಲ್ಲಿ ಎಲ್ಲಿಯಾದರೂ ಬಿದ್ದರೆ ಎಂಬ ಹೆದರಿಕೆ ಬೇರೆ. ಅವಳು ನನ್ನ ಮುಖ ನೋಡಿದಳು. ಎಲ್ಲರೂ ನೋಡಿದರು. ನಾಲ್ಕು ಜನ ಮುಖ ನೋಡಿದರೆ ನನ್ನ ನಾಲಿಗೆ ನನ್ನದಾಗಿ ಉಳಿಯುವುದಿಲ್ಲ.

"ಮೂಡಿಗೆರೇಲಿ ಎಂತ ಉಂಟು ಮಾರಾಯ್ತಿ? ಎರಡು ಕಡ್ಡಿ ರೇಂಜು, ಅದನ್ನೇ ಸಾವಿರ ಜನ ಹಂಚ್ಕೊಳ್ಬೇಕು. ಮುಗಿಲುಕಲ್ಲಲ್ಲಿ ಐದಕ್ಕೈದು ಕಡ್ಡಿ. ಓಟಿಪಿ ಎಂತ, ಅದರ ಅಪ್ಪನೂ ಬರ್ತಾನೆ. ನೀನು ಒತ್ತು, ನಾನು ಓದಿ ಹೇಳ್ತೀನಿ."

"ಎಸ್ಸೆಮ್ಮೆಸ್ ಅಲ್ಲಿಗೆ ಹತ್ತಲ್ಲ ಅಂತ ನೀವೇ ಹೇಳಿದ್ರಲ್ಲ ಅಣ್ಣಾ."

"ಇದು ಸರ್ಕಾರಿ ಎಸ್ಸೆಮ್ಮೆಸ್ಸು. ಅದಕ್ಕೆ ಶಕ್ತಿ ಜಾಸ್ತಿ."

ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಕುಸುಮಾ ಒಮ್ಮೆ ಬುಟ್ಟಿಯನ್ನು, ಒಮ್ಮೆ ಅಮ್ಮನನ್ನು ನೋಡಿ ಓಡಿದಳು. ನಾನು ಗೇರು ಹಾಕಿದೆ.

ಮುಗಿಲುಕಲ್ಲು ಹತ್ತಿದೆ. ಆವತ್ತು ಎಂಥ ಮಂಜು ಎಂದರೆ ಕೈಯಲ್ಲಿ ಸರಿಸಿ ಸರಿಸಿ ಗಂಟು ಕಟ್ಟಿ ಪಕ್ಕಕ್ಕಿಡಬೇಕಾಯಿತು. ನೆತ್ತಿಯಲ್ಲಿ ಕೂತೆ. ನನ್ನ ಕೆಳಗೆ ಗರುಡ ಹಾರುತ್ತಿತ್ತು. ಫೋನುಗಳು ಮೇಯತೊಡಗಿದವು. ಅತ್ತ ಮೂಡಿಗೆರೆಯಲ್ಲಿ ಸರ್ವರ್ ಕೈಕೊಟ್ಟು, ಅರ್ಚನಾಳ ಅಂಗಡಿಯ ಮುಂದೆ ಹುಡುಗ ಹುಡುಗಿಯರ ಸಾಲು ಬೆಳೆದು, ಕುಸುಮಾಳ ಸರದಿ ಬರುವಾಗ ನಾಲ್ಕು ಗಂಟೆಯ ಹತ್ತಿರವಾಗಿತ್ತಂತೆ. ಅವಳು ಒತ್ತಿದಳು. ಅಂಜನಮ್ಮನ ಫೋನು ಮಿಸುಕಲಿಲ್ಲ. ಇನ್ನೊಮ್ಮೆ ಒತ್ತಿದಳು. ಅರಿಶಿನದ ದಾರ ಸುತ್ತಿಕೊಂಡ ಅದು ಮದುಮಗಳ ಹಾಗೆ ತಲೆ ತಗ್ಗಿಸಿ ಕೂತಿತ್ತು. ಆಮೇಲೆ ವಾಟ್ಸಾಪ್ ಕರೆ ಹೊಡೆದುಕೊಂಡಿತು. ಅರ್ಚನಾಳ ಫೋನಿನಿಂದ ಕುಸುಮಾ ಮಾಡಿದ್ದು. ಮಾಮೂಲಿ ಕರೆ ಮಾಡಿ ಮಾಡಿ ಸಾಕಾಗಿ ಹೀಗೆ ಮಾಡಿದ್ದಳು.

ಓಟಿಪಿ ಬಂತಾ ಎಂದು ಕೇಳಿದಳು. ದಾರಿಯಲ್ಲಿರಬೇಕು ಎಂದೆ. ಎಷ್ಟು ಕಡ್ಡಿ ತೋರಿಸುತ್ತಿದೆ ಎಂದಳು. ಐದು ಎಂದೆ. ಇದ್ದಕ್ಕಿದ್ದ ಹಾಗೆ ಫೋನಿನಲ್ಲಿ ಅವಳ ಮುಖ ಬಂತು. ಮೂಲೆಯಲ್ಲಿ ನನ್ನ ಮುಖವೂ ಬಂತು. ವಿಡಿಯೊ! ಯಾವಾಗ ಒತ್ತಿದೆನೋ, ಏನು ಒತ್ತಿದೆನೋ ದೇವರೇ ಬಲ್ಲ.

"ಅಣ್ಣಾ, ನಿಮ್ಮ ಹಿಂದೆ ಹಸಿರು ಗೋಡೆ ಕಾಣ್ತಿದೆ."

"ಪಾಚಿ. ಬಂಡೆ ಮೇಲೆ ಪಾಚಿ ಕಟ್ಟಿದೆ."

ಆಗಲೇ ಜಾಕಿ ಬೊಗಳಬೇಕೇ?

"ಮುಗಿಲುಕಲ್ಲಲ್ಲಿ ನಾಯಿ?"

"ಕಾಡುನಾಯಿ. ಹಿಂಡು ಹಿಂಡಾಗಿವೆ. ನಾನಿದ್ದೀನಿ ಅಂತ ಹತ್ರ ಬರ್ತಿಲ್ಲ."

"ಕಾಡುನಾಯಿಗೆ ಕೊರಳಲ್ಲಿ ಬೆಲ್ಟ್ ಹಾಕಿದ್ದಾರಲ್ಲ ಅಣ್ಣಾ."

ಇಲ್ಲಿ ಒಂದು ಸಣ್ಣ ತಿದ್ದುಪಡಿ ಮಾಡಬೇಕಾಗಿದೆ. ನಾನು ಕೂತಿದ್ದದ್ದು ಮುಗಿಲುಕಲ್ಲಿನ ನೆತ್ತಿಯಲ್ಲಲ್ಲ. ಬಂಗಲೆಯ ಹಿಂಭಾಗದಲ್ಲಿ, ನಾಯಿಗೂಡಿನ ನೆರಳಿನಲ್ಲಿ. ಸಾಹುಕಾರರ ಹಿಂದಿನ ನಾಯಿಯನ್ನು ಚಿರತೆ ಹೊತ್ತುಕೊಂಡು ಹೋಗಿತ್ತು. ಅದಕ್ಕೇ ಜಾಕಿ ಬಂದ ಮೇಲೆ ಗೂಡಿಗೆ ಕಬ್ಬಿಣದ ಬಾಗಿಲು, ಮಾಡಿನ ಮೇಲೆ ಚಿರತೆ ಕಾಯುವ ಕ್ಯಾಮೆರಾ, ಆ ಕ್ಯಾಮೆರಾಕ್ಕೆ ಅಂತಲೇ ವೈಫೈ ಪೆಟ್ಟಿಗೆ ಹಾಕಿಸಿದ್ದರು. ಇಡೀ ಲೈನಿಗಿಲ್ಲದ ಇಂಟರ್ನೆಟ್ಟು ಜಾಕಿಯೊಬ್ಬನಿಗೇ ಇತ್ತು. ಅವನು ಅದನ್ನು ಬಳಸುತ್ತಲೂ ಇರಲಿಲ್ಲ. ಪಾಸ್‌ವರ್ಡ್ ಕೊಟ್ಟವನು ಬಂಗಲೆಯ ಅಡುಗೆ ಗಿಡ್ಡಪ್ಪ. ಅದೂ ನಾಯಿಯ ಹೆಸರೇ. ಹೀಗೆ ನಾನು ಒಂದು ವರ್ಷದಿಂದ ಬುಟ್ಟಿಯನ್ನು ಜಾಕಿಯ ತಲೆದೆಸೆಯಲ್ಲಿಟ್ಟು, ಗಿಡ್ಡಪ್ಪ ಕೊಟ್ಟ ಕಾಫಿ ಕುಡಿದು, ಒಂದು ನಿದ್ದೆ ಮಾಡಿ, ಏಳುವಾಗ ನಲ್ಲಿಯ ಬುಡದ ಕೆಸರನ್ನು ಪ್ಯಾಂಟಿಗೆ ಬಳಿದುಕೊಂಡು ಹೋಗುತ್ತಿದ್ದೆ. ವೈಫೈಗೆ ವಾಟ್ಸಾಪ್ ಬರುತ್ತದೆ. ಓಟಿಪಿ ಬರುವುದು ಸಿಮ್ಮಿನ ರೇಂಜಿಗೆ. ಅಂಜನಮ್ಮನ ಹಳೇ ಫೋನಿಗೆ ಬಂಗಲೆಯ ಹಿತ್ತಲಿನಲ್ಲಿ ಅದು ಸೊನ್ನೆ.

"ಸುರೇಂದ್ರಣ್ಣ," ಎಂದಳು ಕುಸುಮಾ. ಅವಳು ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲ. "ಐದು ಗಂಟೆಗೆ ಮುಚ್ತದೆ."

ಬೇರೆ ನಂಬರು ಕೊಡೋಕಾಗಲ್ವಾ ಎಂದು ಕೇಳಿದೆ. ಆಗುವುದಿಲ್ಲ, ಅಮ್ಮನ ನಂಬರಿಗೇ ಬರಬೇಕು ಎಂದಳು. ಜೀಪಿನಲ್ಲಿ ರೇಂಜಿರುವ ಕಡೆಗೆ ಓಡಿದರೆ, ಹೊಂಡ ಬಿದ್ದ ಆ ರಸ್ತೆಯಲ್ಲಿ ಮುಟ್ಟುವಾಗಲೇ ಐದು ದಾಟುತ್ತದೆ. ನನಗೆ ಏನೂ ತೋಚಲಿಲ್ಲ. ತೋಚದಿದ್ದಾಗಲೂ ಮಾತಾಡುವವನು ನಾನು. ಆವತ್ತು ಮಾತೂ ಬರಲಿಲ್ಲ.

ಆಗ ನಾಯಿ ಮಾತಾಡಿತು.

ಇದು ಮಾತ್ರ ಸುಳ್ಳಲ್ಲ. ಗೂಡಿನೊಳಗಿಂದ ಸ್ಪಷ್ಟವಾಗಿ, ಹೆಂಗಸಿನ ದನಿಯಲ್ಲಿ, "ಸುರೇಂದ್ರ," ಎಂದು ಕರೆಯಿತು. ನಾನು ಎದ್ದುನಿಂತು ಜಾಕಿಗೆ ಕೈ ಮುಗಿದೆ.

"ಮೇಲೆ ನೋಡು ಮಾರಾಯ. ಕ್ಯಾಮೆರಾದಲ್ಲಿ ಮಾತಾಡ್ತಿರೋದು."

ಬಸವರಾಜಪ್ಪನವರ ಹೆಂಡತಿ, ಗಿರಿಜಾಂಬಾ ಅಮ್ಮಾವ್ರು. ಚಿರತೆಯನ್ನು ಗದರಿಸಿ ಓಡಿಸಲು ಆ ಕ್ಯಾಮೆರಾದಲ್ಲಿ ಸ್ಪೀಕರೂ ಇತ್ತು. ಅವರು ಒಳಗೆ ಕೂತು ತಮ್ಮ ಫೋನಿನಲ್ಲಿ ನನ್ನನ್ನು ನೋಡುತ್ತಿದ್ದರು. ಆವತ್ತೊಂದು ದಿನವಲ್ಲ. ವರ್ಷದಿಂದ. ಮಧ್ಯಾಹ್ನದ ಧಾರಾವಾಹಿ ಬಿಟ್ಟು ನನ್ನನ್ನೇ ನೋಡುತ್ತಾರಂತೆ. ಜಾಕಿಯನ್ನು ಕೂರಿಸಿಕೊಂಡು ನಾನು ಆನೆಯ ಕಥೆ, ಸರ್ಪದ ಕಥೆಗಳನ್ನು ಅಭ್ಯಾಸ ಮಾಡುವುದೆಲ್ಲ ಅವರಿಗೆ ಬಾಯಿಪಾಠವಂತೆ.

"ಆ ಹುಡುಗಿ ಮಾತು ಎಲ್ಲ ಕೇಳಿಸ್ತು," ಎಂದರು. "ಮುಗಿಲುಕಲ್ಲಲ್ಲಿ ನಿಜವಾಗ್ಲೂ ರೇಂಜ್ ಉಂಟು. ವೈರ್ ಬರೋಕೆ ಮುಂಚೆ ನಮ್ಮ ಯಜಮಾನ್ರು ಅಲ್ಲೇ ಹತ್ತಿ ಮಾತಾಡ್ತಿದ್ರು. ಬೇಗ ಹತ್ತಿದ್ರೆ ಐದರೊಳಗೆ ಮುಟ್ತೀಯ. ಹೇಗೂ ದಿನಾ ಹತ್ತುವವನಲ್ವಾ."

ನನ್ನ ಸುಳ್ಳು ನಿಜವಾಗಿರಬಹುದೆಂದು ನನಗೆ ಒಂದು ದಿನವೂ ಅನುಮಾನ ಬಂದಿರಲಿಲ್ಲ.

ಜೀಪನ್ನು ಗುಡ್ಡದ ಬುಡದವರೆಗೆ ಓಡಿಸಿ, ಅಂಜನಮ್ಮನ ಫೋನನ್ನು ಜೇಬಿಗೆ ಹಾಕಿಕೊಂಡು ಹತ್ತತೊಡಗಿದೆ. ಹೇಗೆ ಹತ್ತಿದೆ ಎನ್ನುತ್ತೀರಿ! ಜಿಂಕೆ ನಾಚಬೇಕು, ಕಾಡುಕುರಿ ಕಲಿಯಬೇಕು. ನನ್ನ ಪಾದ ನೆಲಕ್ಕೆ ತಾಗಿದ್ದೇ ಎರಡು ಸಲ. ಆ ಎರಡು ಸಲವೂ ನಾನು ಬಿದ್ದಿದ್ದೆ ಎನ್ನುವುದು ಬೇರೆ ಮಾತು. ಆವತ್ತು ಕುಯ್ಲು ನಡೆಯುತ್ತಿದ್ದದ್ದು ಅದೇ ಇಳಿಜಾರಿನಲ್ಲಿ. ಕಾಫಿ ಗಿಡಗಳ ನಡುವಿನಿಂದ ಒಂದೊಂದಾಗಿ ತಲೆಗಳು ಎದ್ದವು. ನಾನು ಒಂದು ಗಿಡ ಹಿಡಿದು ಮೇಲೇಳುವುದು, ಇನ್ನೊಂದು ಗಿಡದವರೆಗೆ ಜಾರುವುದು, ಎಲ್ಲವನ್ನೂ ಅವರು ಕೈ ನಿಲ್ಲಿಸಿ ನೋಡಿದರು.

ಲೈನಿನ ಅಜ್ಜಿ ದ್ಯಾವಮ್ಮ ಅಲ್ಲಿಂದಲೇ ಕೇಳಿದಳು: "ಸುರೇಂದ್ರ, ದಿನಾ ಹತ್ತೋ ದಾರಿ ಆ ಕಡೆ ಅಲ್ವನಾ? ಈ ಕಡೆ ಬರೀ ಮುಳ್ಳು."

ನಾನು ಮುಳ್ಳು ಬಿಡಿಸಿಕೊಂಡು ಮೇಲೆ ಹತ್ತಿದೆ. ತೋಟ ಮುಗಿದು ಬಂಡೆ ಶುರುವಾಗುವಲ್ಲಿ ಒಂದು ಸಿಲ್ವರ್ ಓಕ್ ಮರವಿದೆ. ಅದನ್ನು ತಬ್ಬಿಕೊಂಡು ಕೆಳಗೆ ನೋಡಿದೆ. ನೋಡಬಾರದಿತ್ತು. ಕೆಳಗೆ ಜೀಪು ಬೆಂಕಿಪೊಟ್ಟಣದಷ್ಟು ಕಂಡಿತು, ಕಣ್ಣು ಕತ್ತಲೆ ಬಂತು, ಮರವನ್ನು ಇನ್ನೂ ಬಿಗಿಯಾಗಿ ತಬ್ಬಿಕೊಂಡೆ. ನಾಲಿಗೆ ಎಷ್ಟು ಎತ್ತರಕ್ಕೆ ಬೇಕಾದರೂ ಏರುತ್ತದೆ. ಕಾಲಿಗೆ ಆ ಅಭ್ಯಾಸವಿರಲಿಲ್ಲ.

ಅಷ್ಟರಲ್ಲಿ ಅಂಜನಮ್ಮ ಸೊಂಟದ ಬುಟ್ಟಿಯನ್ನು ಸಾಲಿನಲ್ಲೇ ಇಳಿಸಿ ಹತ್ತಿ ಬಂದಿದ್ದಳು. ಕೆಳಗಿನಿಂದ ಮೇಸ್ತ್ರಿ ಸಾಲು ಬಿಟ್ಟು ಎಲ್ಲಿಗೆ ಎಂದು ಕೂಗುತ್ತಿದ್ದ. ಅವಳು ತಿರುಗಿಯೂ ನೋಡಲಿಲ್ಲ. ಮರ ತಬ್ಬಿಕೊಂಡ ನನ್ನನ್ನು ನೋಡಿದಳು.

"ಫೋನ್ ಕೊಡಿ."

"ಅಂಜನಮ್ಮಾ, ನಾನು ಹೇಳಿದ್ದು..."

"ಆಮೇಲೆ ಹೇಳಿ. ಫೋನ್ ಕೊಡಿ."

ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಂಡೆಯ ಬಿರುಕಿಗೆ ಕಾಲು ಕೊಟ್ಟು, ಅವಳು ಹೋದಳು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಹಾಗಾಗಿ ಆಮೇಲಿನದ್ದು ಕಿವಿಯಲ್ಲಿ ಕೇಳಿದ್ದು ಮಾತ್ರ. ಮೊದಲು ಫೋನು ಹುಚ್ಚು ಹಿಡಿದ ಹಾಗೆ ಒದರಿತು. ಕಾದು ಕೂತಿದ್ದ ಎಸ್ಸೆಮ್ಮೆಸ್ಸುಗಳೆಲ್ಲ ಒಟ್ಟಿಗೇ ನುಗ್ಗಿದ್ದವು. ಅದರ ಹಿಂದೆಯೇ ಕರೆ ಹೊಡೆದುಕೊಂಡಿತು. ಕುಸುಮಾ ಅತ್ತಲಿಂದ ಬಿಡದೆ ಮತ್ತೆ ಮತ್ತೆ ಒತ್ತುತ್ತ, ಕರೆ ಮಾಡುತ್ತಲೇ ಇದ್ದಳು.

"ಯಾವ್ದು ಓದಲಿ ಕುಸುಮಾ? ರಾಶಿ ಬಂದಾವೆ... ಹ್ಞಾಂ, ಈಗ ಬಂತಲ್ಲ, ಕೊನೇದು."

ಯಾರಿಗೂ ಹೇಳಬೇಡಿ ಎಂದು ಬರೆದಿರುವ ಆ ನಂಬರನ್ನು ಅಂಜನಮ್ಮ ಮುಗಿಲುಕಲ್ಲಿನ ನೆತ್ತಿಯಲ್ಲಿ ನಿಂತು ಒಂದೊಂದೇ ಅಂಕಿಯಾಗಿ ಕೂಗಿದಳು. ಇಡೀ ಗುಡ್ಡಕ್ಕೆ ಕೇಳಿಸಿತು. ಗಿಡಗಳ ನಡುವೆ ಒಂದು ಕೈಯೂ ಆಡುತ್ತಿರಲಿಲ್ಲ. ಮೇಸ್ತ್ರಿಯೂ ಸುಮ್ಮನಾಗಿದ್ದ. ತುಂಬಾ ಹೊತ್ತಾದ ಮೇಲೆ, ಅಥವಾ ನನಗೆ ಹಾಗನ್ನಿಸಿತೋ, ಮೇಲಿನಿಂದ ಒಂದೇ ಮಾತು ಬಂತು.

"ಆಯ್ತಂತೆ."

ದ್ಯಾವಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳಂತೆ. ನಾನು ಮರ ಬಿಡಲಿಲ್ಲ. ಆಮೇಲೆ ನಿಂಗಯ್ಯ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೈ ಹಿಡಿದು ಕೆಳಗಿಳಿಸಿದ.

ಸಂಜೆ ಅಂಗಳದಲ್ಲಿ ಫೋನು ಹಂಚುವ ಹೊತ್ತಿಗೆ ನನಗೆ ಜೀವ ಬಂದಿತ್ತು. ಜೀವದ ಜೊತೆ ನಾಲಿಗೆಯೂ ಬಂದಿತ್ತು. ದಿನದ ದಾರಿಯಲ್ಲಿ ಆನೆ ಅಡ್ಡ ಮಲಗಿತ್ತು, ಅದಕ್ಕೇ ಬೇರೆ ದಾರಿಯಲ್ಲಿ ಬರಬೇಕಾಯಿತು, ಕಾಳಿಂಗ ಸರ್ಪ ಬೇರೆ ರಜೆಯಲ್ಲಿತ್ತು ಎಂದು ಶುರುಮಾಡಿದೆ. ಜನ ಕೇಳುತ್ತಿದ್ದರು. ಒಬ್ಬಿಬ್ಬರು ನಂಬುವ ಹಾಗೂ ಕಂಡರು. ಅಷ್ಟರಲ್ಲಿ ಬಸ್ಸಿಳಿದು ಬಂದ ಕುಸುಮಾ ಅಮ್ಮನ ಪಕ್ಕ ಕೂತಳು. ಕೈಯಲ್ಲಿ ಸೀಟಿನ ಕಾಗದ. ನನ್ನ ಕಥೆಯನ್ನು ಸ್ವಲ್ಪ ಹೊತ್ತು ಕೇಳಿ, ಬಹಳ ಮೆತ್ತಗೆ ಒಂದು ಪ್ರಶ್ನೆ ಕೇಳಿದಳು.

"ಜಾಕಿ ಹೇಗಿದ್ದಾನೆ ಅಣ್ಣಾ?"

ಎಲ್ಲರೂ ಜಾಕಿ ಯಾರು ಎಂದರು. ಕುಸುಮಾ ಹೇಳಲಿಲ್ಲ. ನಾನೇ ಹೇಳಲಿ ಎಂದು ಕಾದಳು.

ಹೇಳಿದೆ. ನಾಯಿಗೂಡು, ಗಿಡ್ಡಪ್ಪನ ಕಾಫಿ, ನಲ್ಲಿಯ ಕೆಸರು, ಎಲ್ಲ. ಲಂಟಾನ ಕಡ್ಡಿಯನ್ನು ಬಂಗಲೆಯ ಬೇಲಿಯಿಂದ ಮುರಿದುಕೊಂಡು ತಲೆಗೆ ಸಿಕ್ಕಿಸಿಕೊಳ್ಳುತ್ತಿದ್ದೆ ಎಂದಾಗ ಲೈನಿಗೆ ಲೈನೇ ನಕ್ಕಿತು. ದ್ಯಾವಮ್ಮ ತಾನು ಕೊಟ್ಟ ಕಡುಬುಗಳನ್ನೆಲ್ಲ ವಾಪಸು ಕೇಳಿದಳು. ನಾಯಿ ಮಾತಾಡಿದ ವಿಷಯವನ್ನು ಎಷ್ಟು ಆಣೆ ಹಾಕಿ ಹೇಳಿದರೂ ಯಾರೂ ನಂಬಲಿಲ್ಲ.

ನಗದೆ ಕೂತವನು ನಿಂಗಯ್ಯ ಒಬ್ಬನೇ. ಅವನು ಅಂಗಳದ ನೆಲವನ್ನು ನೋಡುತ್ತಿದ್ದ.

"ನಾಯಿಗೂಡಿಗೆ ಹೋಗಿರೋದು ಈ ವೈರೇ ಅಲ್ವಾ," ಎಂದ. "ನಾವು ಹೂಳಿದ್ದು."

ನಗು ನಿಂತಿತು. ಎಲ್ಲರೂ ಕಾಲ ಕೆಳಗಿನ ಮಣ್ಣು ನೋಡಿದರು. ಒಂದು ವರ್ಷದಿಂದ ಅದರ ಮೇಲೆಯೇ ಕೂತು, ಗುಡ್ಡದ ತುದಿಯಿಂದ ಬಂತೆಂದುಕೊಂಡ ಮಾತುಗಳನ್ನು ಕೇಳುತ್ತಿದ್ದರು.

ಅಂಜನಮ್ಮ ನನ್ನ ಬುಟ್ಟಿಯನ್ನು ಎಳೆದುಕೊಂಡಳು. "ನಾಳೆ ಇದನ್ನ ನಾನು ತಗೊಂಡೋಗ್ತೀನಿ. ನಾಯಿಗೂಡಿಗಲ್ಲ, ಬಂಗಲೆ ಮುಂದಿನ ಬಾಗಿಲಿಗೆ. ನಮ್ಮ ಅಂಗಳದಲ್ಲೊಂದು ಪೆಟ್ಟಿಗೆ ಹಾಕಿಸಿ ಅಂತ ಅಮ್ಮಾವ್ರ ಹತ್ರ ಕೇಳ್ತೀನಿ."

ಕೇಳಿದಳು ಕೂಡ. ಅವಳ ಹಿಂದೆ ಇಡೀ ಲೈನು ನಿಂತಿತ್ತು. ಅಮ್ಮಾವ್ರು ನೋಡುವ ಎಂದಿದ್ದಾರೆ. ಯಜಮಾನರೂ ನೋಡುವ ಎಂದಿದ್ದಾರೆ. ಇನ್ನೂ ನೋಡುತ್ತಿದ್ದಾರೆ. ಅಲ್ಲಿಯವರೆಗೆ ದಿನಕ್ಕೊಬ್ಬರ ಸರದಿಯಂತೆ ಲೈನಿನವರೇ ಫೋನುಗಳನ್ನು ನಿಜವಾದ ಮುಗಿಲುಕಲ್ಲಿಗೆ ಮೇಯಲು ಕರೆದೊಯ್ಯುತ್ತಾರೆ. ಈಗ ಎಸ್ಸೆಮ್ಮೆಸ್ಸೂ ಬರುತ್ತದೆ. ಕುಸುಮಾಳ ಹಾಸ್ಟೆಲ್ಲಿನಿಂದ ಕರೆಯೂ ಬರುತ್ತದೆ.

ನನ್ನನ್ನು ಸರದಿಗೆ ಸೇರಿಸಿಲ್ಲ. ಹಾಗಾಗಿ ಇಷ್ಟು ಹೊತ್ತು ಓದಿದ ನಿಮ್ಮ ಮುಂದೆ ಇನ್ನೇನನ್ನು ಮುಚ್ಚಿಟ್ಟು ಏನಾಗಬೇಕು? ಇಂಟರ್ನೆಟ್ಟನ್ನು ನಾನು ತಂದವನಲ್ಲ, ನಾಯಿಯ ಪಾಲಿನದ್ದನ್ನು ಕದ್ದವನು. ಜೀಪಿನ ಟೈರು ಕೂತದ್ದು ಅವು ಬೋಳಾಗಿದ್ದರಿಂದ. ಮಂಗಗಳಿಗೆ ಇಂಗ್ಲಿಷ್ ಬರುವುದಿಲ್ಲ. ಮುಗಿಲುಕಲ್ಲಿನ ನೆತ್ತಿಯನ್ನು ನಾನು ಈವರೆಗೂ ಕಂಡಿಲ್ಲ. ಆ ಸಿಲ್ವರ್ ಓಕ್ ಮರದವರೆಗೆ ಮಾತ್ರ ಗೊತ್ತು, ಅದೂ ಕಣ್ಣು ಮುಚ್ಚಿಕೊಂಡು.

ನಾಯಿ ಮಾತಾಡಿದ್ದೂ, ಸರಿ, ನಾಯಿಯಲ್ಲ.